ಟೀಚರ್ ತಿದ್ದಿದ ಕರಪತ್ರ

ಕುವೈತಿನಲ್ಲಿ ವಾರದ ರಜೆ ಶುಕ್ರವಾರ. ಹಾಗಾಗಿ ಊರಿನಲ್ಲಿ ಭಾನುವಾರ ನಡೆಯುವುದೆಲ್ಲ ಇಲ್ಲಿ ಶುಕ್ರವಾರ ನಡೆಯುತ್ತಿತ್ತು. ಬಲಿಪೂಜೆಯೂ ಅಂದೇ, ಸಂಘದ ಸಭೆಯೂ ಅಂದೇ. 1990ರ ಮೇ ತಿಂಗಳ ಒಂದು ಶುಕ್ರವಾರ, ಪೂಜೆ ಮುಗಿದು ಜನ ಇಗರ್ಜಿಯ ಅಂಗಳಕ್ಕೆ ಇಳಿಯುತ್ತಿದ್ದಾಗ, ಪಾಸ್ಕಲ್ ಲೋಬೊ ಕಾರ್ಮೆಲಳನ್ನು ಗೋಡೆಯ ನೆರಳಿಗೆ ಕರೆದ.

ಪಾಸ್ಕಲ್ ಅರ್ದಿಯಾ ಬಡಾವಣೆಯ ಗೋದಾಮೊಂದರಲ್ಲಿ ಮ್ಯಾನೇಜರ್. ಕೊಂಕಣಿ ಕ್ರೈಸ್ತರ ಸಂಘದ ಅಧ್ಯಕ್ಷಗಿರಿಗೆ ಜೂನ್ ಕೊನೆಯಲ್ಲಿ ಚುನಾವಣೆಯಿತ್ತು, ಅವನೂ ನಿಂತಿದ್ದ. ಅವನ ಎದುರಾಳಿ ಕ್ರಿಸ್ಮಸ್ ಕಾರ್ಯಕ್ರಮ, ಕ್ರಿಕೆಟ್ ಪಂದ್ಯ ಎಂದು ಮತ ಕೇಳುತ್ತಿದ್ದ. ಪಾಸ್ಕಲ್ ಹಿಡಿದದ್ದು ಬೇರೆಯೇ ವಿಷಯ. ನಮ್ಮ ದೇಶದಲ್ಲಿ 1971ರಿಂದ ಇರುವ ಗರ್ಭಪಾತದ ಕಾನೂನು ಹೋಗಬೇಕು. ಮುಂದಿನ ಲೋಕಸಭಾ ಚುನಾವಣೆಯಲ್ಲಿ ಅದಕ್ಕೆ ಒಪ್ಪುವ ಅಭ್ಯರ್ಥಿಗೆ ಮಾತ್ರ ಓಟು ಎಂದು ಸಂಘದ ಪ್ರತಿಯೊಬ್ಬರೂ ಸಹಿ ಹಾಕಿ, ಊರಿನ ಮನೆಯವರಿಂದಲೂ ಹಾಕಿಸಬೇಕು.

"ದೆಹಲಿಯ ಸರ್ಕಾರ ತುಂಬ ದಿನ ನಿಲ್ಲುವ ಹಾಗೆ ಕಾಣುದಿಲ್ಲ ಬಾಯ್," ಎಂದ ಪಾಸ್ಕಲ್. "ಚುನಾವಣೆ ಬರುವಾಗ ನಾವು ತಯಾರಿರಬೇಕು. ಸಭೆಯಲ್ಲಿ ನೀವು ಮಾತಾಡಿ. ನಾನು ಮಾತಾಡಿದ್ರೆ ಓಟಿಗೋಸ್ಕರ ಅಂತಾರೆ. ನೀವು ಮಾತಾಡಿದ್ರೆ ಕೇಳ್ತಾರೆ."

ಅವನು ಹೇಳಿದ್ದು ಸರಿಯಾಗಿತ್ತು. ಕಾರ್ಮೆಲ್ ಹದಿನೆಂಟು ವರ್ಷಗಳಿಂದ ಇಲ್ಲಿನ ಸರ್ಕಾರಿ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸ್. ವಯಸ್ಸು ಐವತ್ತೊಂದು. ಕೊಂಕಣಿಯಲ್ಲಿ ಅಕ್ಕನನ್ನು ಕರೆಯುವಂತೆ ಎಲ್ಲರೂ ಅವಳನ್ನು ಬಾಯ್, ಬಾಯಿ ಎನ್ನುತ್ತಿದ್ದರು. ಮದುವೆಯಾಗಲಿಲ್ಲ. ಇಬ್ಬರು ತಮ್ಮಂದಿರನ್ನು ಓದಿಸಿ ದಡ ಮುಟ್ಟಿಸುವಷ್ಟರಲ್ಲಿ ಮದುವೆಯ ವಯಸ್ಸು ದಾಟಿತ್ತು. ಆ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳಲ್ಲಿ ಎಷ್ಟೋ ಮಂದಿ ಮೊದಲು ಅತ್ತದ್ದು ಅವಳ ಕೈಯಲ್ಲೇ.

ಮುಂದಿನ ಶುಕ್ರವಾರ ಅವಳು ಮಾತನಾಡಿದಳು. ಬರೆದು ತಂದಿರಲಿಲ್ಲ. ಮಂಗಳೂರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಗಿನ ಒಂದು ದಿನದ ಕತೆ ಹೇಳಿದಳು. ಐದನೇ ತಿಂಗಳಿಗೇ ಹುಟ್ಟಿದ ಒಂದು ಗಂಡು ಕೂಸು, ಅಂಗೈಯುದ್ದ. ಬದುಕುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ತಾಯಿ ಕ್ರೈಸ್ತಳು, ಪ್ರಜ್ಞೆ ಇರಲಿಲ್ಲ. ಪಾದ್ರಿ ಬರುವಷ್ಟು ಹೊತ್ತಿಲ್ಲವೆಂದು ಹತ್ತೊಂಬತ್ತರ ಕಾರ್ಮೆಲಳೇ ಚಮಚದಲ್ಲಿ ನೀರು ತಂದು, ಅದರ ಹಣೆಗೆ ಹನಿಸಿ, ಜ್ಞಾನಸ್ನಾನ ಕೊಟ್ಟು ಹೆಸರಿಟ್ಟಳು. "ಅದು ನನ್ನ ಕಿರುಬೆರಳನ್ನು ಹಿಡೀತು," ಎಂದಳು. "ಹಿಡಿಯುವ ಶಕ್ತಿ ಅದಕ್ಕಿತ್ತು. ಅವತ್ತಿನಿಂದ ಯಾರು ಎಂತ ವಾದ ಮಾಡಿದ್ರೂ ನನಗೆ ಆ ಹಿಡಿತ ನೆನಪಾಗ್ತದೆ."

ಹೆಂಗಸರು ಕಣ್ಣೊರೆಸಿಕೊಂಡರು. ಅಂದೇ ತೊಂಬತ್ತು ಸಹಿ ಬಿತ್ತು.

ಇಳಿದು ಬರುವಾಗ ಅವಳೇ ಪಾಸ್ಕಲ್‌ಗೆ ಹೇಳಿದಳು. "ನಾವು ನಾವೇ ಸಹಿ ಹಾಕಿಕೊಂಡ್ರೆ ಎಂತ ಪ್ರಯೋಜನ? ಇಡೀ ಜಿಲ್ಲೆಯಲ್ಲಿ ನಾವು ಎಷ್ಟು ಜನ? ತುಳುವರಿಗೂ ಬ್ಯಾರಿ ಮುಸ್ಲಿಮರಿಗೂ ಅರ್ಥ ಆಗಬೇಕಲ್ಲ. ಬೈಬಲಿನ ಮಾತು ಬೇಡ. ಯಾವ ತಾಯಿಗಾದರೂ ತಾಗುವ ಹಾಗೆ ಕನ್ನಡದಲ್ಲಿ ಒಂದು ಕಾಗದ ಬರೀರಿ. ಪ್ರತಿಯೊಬ್ಬರೂ ಊರಿಗೆ ಕಳಿಸುವ ಕಾಗದದೊಳಗೆ ಅದೊಂದನ್ನು ಇಡಲಿ."

ಪಾಸ್ಕಲ್‌ಗೆ ಅದು ಬಹಳ ಹಿಡಿಸಿತು. ನಾಲ್ಕೇ ದಿನದಲ್ಲಿ ಕರಪತ್ರ ಬರೆದು ತಂದ. ಅವನ ಕನ್ನಡ ಶಾಲೆ ಬಿಟ್ಟಲ್ಲಿಗೇ ನಿಂತಿತ್ತು, ಕಾರ್ಮೆಲಳದೂ ಹಾಗೆಯೇ.

"ತಿದ್ದಿಸಿಕೊಂಡು ಬರ್ತೇನೆ," ಎಂದಳು. "ನಮ್ಮ ಎದುರು ಮನೆಯಲ್ಲೇ ಟೀಚರ್ ಇದ್ದಾರೆ."

ಟೀಚರ್ ಎಂದರೆ ರತ್ನಾವತಿ. ಖೈತಾನ್ ಬಡಾವಣೆಯ ಒಂದು ಕಟ್ಟಡದ ಮೂರನೇ ಮಾಳಿಗೆಯಲ್ಲಿ ಇಬ್ಬರ ಬಾಗಿಲುಗಳು ಎದುರುಬದುರಾಗಿದ್ದವು. ರತ್ನಾವತಿ ಕಾಪು ಬಳಿಯ ಕನ್ನಡ ಶಾಲೆಯಲ್ಲಿ ಒಂಬತ್ತು ವರ್ಷ ಪಾಠ ಮಾಡಿ, ಗಂಡ ರೋಹಿದಾಸ ಹೋಟೆಲೊಂದರ ಸ್ಟೋರಿನಲ್ಲಿ ಕೆಲಸ ಹಿಡಿದ ಮೇಲೆ ಇಲ್ಲಿಗೆ ಬಂದವಳು. ಇಬ್ಬರು ಹೆಣ್ಣುಮಕ್ಕಳು, ಹದಿನಾಲ್ಕರ ಶರಣ್ಯಾ, ಹತ್ತರ ತೃಪ್ತಿ. ಹಗಲು ಹೊತ್ತಿನಲ್ಲಿ ಎರಡು ಮನೆಗಳ ಬಾಗಿಲಿಗೂ ಚಿಲಕ ಬೀಳುತ್ತಿರಲಿಲ್ಲ. ಕಾರ್ಮೆಲಳಿಗೆ ಜ್ವರ ಬಂದರೆ ಗಂಜಿ ಆ ಮನೆಯಿಂದ ಬರುತ್ತಿತ್ತು. ಶರಣ್ಯಾಳ ಅಪೆಂಡಿಕ್ಸ್ ಆಪರೇಷನ್ನಿನ ದಿನ ಥಿಯೇಟರಿನ ಒಳಗೆ ಅವಳ ಕೈ ಹಿಡಿದು ನಿಂತಿದ್ದವಳು ಕಾರ್ಮೆಲ್. ಸಂಜೆ ಡ್ಯೂಟಿ ಮುಗಿಸಿ ಬಂದರೆ ಚಾ ಕುಡಿಯುವುದು ರತ್ನಾವತಿಯ ಅಡುಗೆಮನೆಯಲ್ಲಿ. ಮಾತು ಅರ್ಧ ತುಳು, ಅರ್ಧ ಕನ್ನಡ.

ಆ ಸಂಜೆ ರತ್ನಾವತಿ ಕೆಂಪು ಬಾಲ್ ಪೆನ್ನು ಹಿಡಿದು ಉತ್ಸಾಹದಲ್ಲೇ ಕುಳಿತಳು.

"ನಿಮ್ಮ ಪೊರ್ಬುಗಳಿಗೆ ಮಹಾಪ್ರಾಣ ಕಂಡ್ರೆ ಆಗುದಿಲ್ವಾ ಬಾಯಿ? ಬ್ರೂಣ ಅಂತ ಬರ್ದಿದ್ದಾರೆ. ಗರ್ಬ. ಹೊಟ್ಟೆಯನ್ನೇ ಬಿಟ್ಟುಬಿಟ್ಟಿದ್ದಾರೆ ಅಕ್ಷರದ್ದು."

ಪೊರ್ಬುಗಳು ಎಂದರೆ ತುಳುವರ ಬಾಯಲ್ಲಿ ಕ್ರೈಸ್ತರು. ಕಾರ್ಮೆಲ್ ನಕ್ಕಳು. ರತ್ನಾವತಿ ಒಂದೊಂದೇ ಸಾಲು ತಿದ್ದುತ್ತ ಹೋದಳು. ಎರಡನೇ ಪುಟದ ನಡುವೆ ಪೆನ್ನು ನಿಂತಿತು. ಒಂದು ಪದದ ಸುತ್ತ ನಿಧಾನವಾಗಿ ಗೆರೆ ಎಳೆದು, ಉಳಿದದ್ದನ್ನು ಬೇಗಬೇಗ ತಿದ್ದಿ, ಹಾಳೆಗಳನ್ನು ಮಡಿಸಿ ಕೊಟ್ಟಳು.

"ಒಲೆಯಲ್ಲಿ ಸಾರು ಉಂಟು," ಎಂದು ಎದ್ದಳು.

ತನ್ನ ಮನೆಗೆ ಬಂದು ಕಾರ್ಮೆಲ್ ಹಾಳೆ ಬಿಡಿಸಿದಳು. ಸಾಲು ಹೀಗಿತ್ತು: 'ಗರ್ಭಪಾತ ಮಾಡಿಸಿಕೊಂಡವಳು ತಾಯಿಯಲ್ಲ, ಕೊಲೆಗಾರ್ತಿ.' ಕೊನೆಯ ಪದಕ್ಕೆ ಕೆಂಪು ಸುತ್ತು. ಕಾಗುಣಿತದ ತಪ್ಪೇನೋ ಎಂದು ಅಕ್ಷರ ಅಕ್ಷರ ನೋಡಿದಳು. ತಪ್ಪಿರಲಿಲ್ಲ.

ಮರುದಿನ ಎದುರಿನ ಬಾಗಿಲಿಗೆ ಚಿಲಕ ಬಿದ್ದಿತ್ತು. ಅದರ ಮರುದಿನವೂ. ಮೂರನೆಯ ದಿನ ಮಧ್ಯಾಹ್ನ, ಮಕ್ಕಳು ಶಾಲೆಯಲ್ಲೂ ರೋಹಿದಾಸ ಕೆಲಸದಲ್ಲೂ ಇರುವ ಹೊತ್ತು ನೋಡಿ ಕಾರ್ಮೆಲ್ ಬಾಗಿಲು ತಟ್ಟಿದಳು. ರತ್ನಾವತಿ ತೆಗೆದಳು. ಕುಳಿತುಕೊಳ್ಳಿ ಎನ್ನಲಿಲ್ಲ.

"ಟೀಚರೇ, ಆ ಪದ..."

"ಪದ ಸರಿಯುಂಟು ಬಾಯಿ. ಅದು ನನ್ನನ್ನು ಹೇಳಿದ್ದು. ಅದಕ್ಕೆ ಗೆರೆ ಹಾಕಿದೆ."

ಕಾರ್ಮೆಲಳಿಗೆ ತಿಳಿಯಿತು.

"ಮೂರು ವರ್ಷ ಆಯ್ತು," ಎಂದಳು ರತ್ನಾವತಿ. "ರಜೆಗೆ ಊರಿಗೆ ಹೋಗಿದ್ದಾಗ. ಉಡುಪಿಯಲ್ಲಿ. ಕಾನೂನು ಪ್ರಕಾರವೇ. ಕಾರಣ ನಾನು ಹೇಳುದಿಲ್ಲ. ಹೇಳಿದ್ರೆ ನೀವು ತೂಗಿ ನೋಡ್ತೀರಿ, ಇದು ಸಾಕಾ ಸಾಲದಾ ಅಂತ. ಸಾಕು ಅನ್ನಿಸಿದ್ರೆ ಕ್ಷಮಿಸ್ತೀರಿ. ನನಗೆ ಅದು ಬೇಡ."

"ಕ್ಷಮಿಸಲಿಕ್ಕೆ ನಾನು ಯಾರು ಟೀಚರೇ?"

"ಸಭೆಯಲ್ಲಿ ಆ ಮಗುವಿನ ಕತೆ ಹೇಳಿದ್ರಂತೆ. ಕೆಳಗಿನ ಮನೆಯ ಐವಿ ಬಂದು ಅತ್ತುಕೊಂಡು ಹೇಳಿದಳು. ಕೇಳಿ ನನಗೂ ಅಳು ಬಂತು. ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಈ ಕಾಗದವನ್ನು ನೀವು ನನ್ನ ಕೈಗೇ ಕೊಟ್ರಲ್ಲ."

ಕಾರ್ಮೆಲ್ ಅವಳನ್ನು ಮುಟ್ಟಲು ಕೈ ಚಾಚಿದಳು. ರತ್ನಾವತಿ ತುಸು ಸರಿದಳು. ಕಾರ್ಮೆಲ್ ತನ್ನ ಮನೆಗೆ ಬಂದು, ಯೂನಿಫಾರ್ಮಿನಲ್ಲೇ ಮಂಚದ ಮೇಲೆ ಬಹಳ ಹೊತ್ತು ಕುಳಿತಳು. ಅವಳ ನಂಬಿಕೆ ಒಂದು ಎಳೆಯೂ ಸಡಿಲಾಗಿರಲಿಲ್ಲ. ಅದೇ ಅವಳಿಗೆ ಕಷ್ಟವಾದದ್ದು. ಸಡಿಲಾಗಿದ್ದರೆ ಎದುರಿನ ಬಾಗಿಲಿಗೆ ಹೋಗಿ 'ನಾನೇ ತಪ್ಪು' ಎಂದುಬಿಡಬಹುದಿತ್ತು.

ಇಗರ್ಜಿಯ ಫಾದರ್ ಹತ್ತಿರ ಹೋಗಿ ಹೆಸರು ಹೇಳದೆ ಕೇಳಿದಳು. ಅವರು ಕೇರಳದವರು, ವಯಸ್ಸಾದವರು. "ಬೋಧನೆ ಏನೆಂದು ನಿನಗೆ ಗೊತ್ತಿದೆ, ಅದನ್ನು ನಾನು ಬದಲಿಸಲಾರೆ," ಎಂದರು ಇಂಗ್ಲಿಷಿನಲ್ಲಿ. "ಯಾರಿಗೆ ಓಟು ಹಾಕಬೇಕೆಂದು ಪೀಠದಿಂದ ಹೇಳುವುದೂ ಇಲ್ಲ. ಆದರೆ ಒಬ್ಬರಿಗೆ ಸತ್ಯ ಹೇಳುವಾಗ ಅವರು ಎದ್ದು ಹೋಗದ ಹಾಗೆ ಹೇಳಲು ಬರುತ್ತದೆಯಾ? ಅದು ನನಗೂ ಪೂರ್ತಿ ಬರುವುದಿಲ್ಲ ಮಗಳೇ."

ಪಾಸ್ಕಲ್ ಮಾತ್ರ ಒಪ್ಪಲಿಲ್ಲ. ಅವನ ಗೋದಾಮಿನ ಆಫೀಸಿನಲ್ಲಿ ಕಾಗದದ ಕಟ್ಟುಗಳ ನಡುವೆ ಇಬ್ಬರೂ ಎದುರುಬದುರು ಕುಳಿತರು.

"ಆ ಒಂದು ಪದ ತೆಗೀರಿ ಪಾಸ್ಕಲ್."

"ಅದು ತೆಗೆದ್ರೆ ಉಳಿದದ್ದು ಸಪ್ಪೆ ಬಾಯ್. ಮೆತ್ತಗೆ ಹೇಳಿದ್ರೆ ಯಾರು ಓದ್ತಾರೆ? ಚುನಾವಣೆಯಲ್ಲಿ ಜನರನ್ನು ಎಬ್ಬಿಸಬೇಕಾಗ್ತದೆ."

"ಎಬ್ಬಿಸುದು ಬೇರೆ, ಹೊಡೆಯುದು ಬೇರೆ."

ಪಾಸ್ಕಲ್ ಪೆನ್ನಿಗೆ ಮುಚ್ಚಳ ಹಾಕಿ ಬದಿಗಿಟ್ಟ. ಆಮೇಲೆ, ಯಾರಿಗೂ ಹೇಳದ್ದನ್ನು ಹೇಳುವವನ ಹಾಗೆ ತಗ್ಗಿದ ದನಿಯಲ್ಲಿ ಹೇಳಿದ. "ನಾನು ಏಳನೆಯವ. ಅಪ್ಪನಿಗೆ ಕೆಲಸ ಇರಲಿಲ್ಲ. ಆಗ ಕಾನೂನೂ ಇರಲಿಲ್ಲ, ಆದರೂ ಮದ್ದು ಕೊಡುವವಳು ಒಬ್ಬಳು ಪಕ್ಕದ ಊರಿನಲ್ಲಿದ್ದಳು. ಅಮ್ಮ ಅಲ್ಲಿಗೆ ಹೊರಟು ಅರ್ಧ ದಾರಿಗೆ ಹೋಗಿ ವಾಪಸ್ ಬಂದಳಂತೆ. ಸಾಯುವ ಮುಂಚೆ ಅಮ್ಮನೇ ಹೇಳಿದ್ದು. ನಾನು ಇಲ್ಲಿ ಕೂತಿರುದು ಆ ಅರ್ಧ ದಾರಿಯಿಂದ. ನನಗೆ ಇದು ಓಟಿನ ಮಾತಲ್ಲ ಬಾಯ್."

ಕಾರ್ಮೆಲಳಿಗೆ ಅವನ ಮೇಲಿದ್ದ ಸಿಟ್ಟು ಇಳಿಯಿತು. ಆದರೂ ಹೇಳಿದಳು. "ನಿಮ್ಮಮ್ಮ ಹಿಂದೆ ಬರದೆ ಮುಂದೆ ಹೋಗಿದ್ದರೆ ಅವರನ್ನು ನೀವು ಆ ಹೆಸರಿಂದ ಕರೀತಿದ್ರಾ?"

"ನಾನೇ ಇರ್ತಿರಲಿಲ್ಲ, ಕರೆಯುದು ಹೇಗೆ," ಎಂದ ಪಾಸ್ಕಲ್. ಪದ ಮಾತ್ರ ಉಳಿಯಿತು.

ಚುನಾವಣೆಗೆ ಮುಂಚಿನ ಕೊನೆಯ ಸಭೆಯಲ್ಲಿ ಕಾರ್ಮೆಲ್ ಮತ್ತೆ ಮಾತನಾಡಬೇಕಿತ್ತು.

"ಹೋದ ಸಲ ಹೇಳಿದ ಒಂದು ಮಾತನ್ನೂ ನಾನು ವಾಪಸ್ ತೆಗೊಳ್ಳುದಿಲ್ಲ," ಎಂದು ಶುರು ಮಾಡಿದಳು. "ಸಹಿ ಹಾಕಿದ್ದೇನೆ, ಹಾಕಿದ್ದು ಹಾಕಿದ್ದೇ. ಆದರೆ ಈ ಕರಪತ್ರವನ್ನು ನಾನು ಹಂಚುದಿಲ್ಲ. ಇದರಲ್ಲಿ ಒಂದು ಹೆಸರು ಉಂಟು. ಅದು ಯಾರಿಗೆ ತಾಗ್ತದೆ ಅಂತ ನಾವು ಯೋಚಿಸಲಿಲ್ಲ. ದೂರದ ಯಾರಿಗೋ ಅಂದುಕೊಂಡ್ವಿ. ಹೆರಿಗೆ ವಾರ್ಡಿನಲ್ಲಿ ಹದಿನೆಂಟು ವರ್ಷ ಹೆಂಗಸರ ಬಾಯಿಂದ ಕೇಳಿದ್ದನ್ನೆಲ್ಲ ನಾನು ಇಲ್ಲಿ ಹೇಳಲಿಕ್ಕಿಲ್ಲ. ಇಷ್ಟು ಹೇಳ್ತೇನೆ. ಅವಳು ನಿಮ್ಮ ಪಕ್ಕದ ಮನೆಯಲ್ಲಿದ್ದಾಳೆ. ಈಗ ಈ ಬೆಂಚಿನಲ್ಲೂ ಕೂತಿದ್ದಾಳೆ. ಯಾರಂತ ತಿರುಗಿ ನೋಡಬೇಡಿ. ಅವಳ ಮುಖ ನೋಡಿ ಹೇಳಲಿಕ್ಕೆ ಆಗದ್ದನ್ನು ಕಾಗದದಲ್ಲಿ ಬರೆದು ಕಳಿಸುದು ಬೇಡ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬರು ಹಿರಿಯ ಹೆಂಗಸು ಮಾತ್ರ, ಕಾರ್ಮೆಲ್ ಇಳಿದು ಹೋಗುವಾಗ, ಅವಳ ಸೆರಗಿನ ತುದಿಯನ್ನು ಕ್ಷಣ ಹಿಡಿದು ಬಿಟ್ಟರು.

ಚುನಾವಣೆಯಲ್ಲಿ ಪಾಸ್ಕಲ್ ದೊಡ್ಡ ಅಂತರದಿಂದ ಗೆದ್ದ. ಕರಪತ್ರದ ಸಾವಿರ ಜೆರಾಕ್ಸ್ ಪ್ರತಿಗಳು ಆಗಸ್ಟಿನಲ್ಲಿ ಹಂಚಲೆಂದು ಅವನ ಗೋದಾಮಿನಲ್ಲಿ ಸಿದ್ಧವಾದವು. ಅವನು ಕಾರ್ಮೆಲಳೊಡನೆ ಮಾತು ಬಿಟ್ಟ. ಸಂಘದ ಹೆಂಗಸರಲ್ಲೂ ಕೆಲವರು, ಬಾಯಿಗೆ ವಯಸ್ಸಾಯಿತು, ಮನಸ್ಸು ಅತ್ತಿತ್ತ ಆಗಿದೆ ಎಂದರು.

ಒಂದು ಸಂಜೆ ಅವಳು ಮೆಟ್ಟಿಲು ಹತ್ತಿ ಬಂದಾಗ ಎದುರಿನ ಬಾಗಿಲು ತೆರೆದಿತ್ತು. ರತ್ನಾವತಿ ಒಳಗಿನಿಂದಲೇ, "ಬನ್ನಿ ಬಾಯಿ," ಎಂದಳು. ಮೇಜಿನ ಮೇಲೆ ಎರಡು ಲೋಟ ಇತ್ತು.

"ಸಹಿ ಹಾಕಿದ್ರಂತೆ."

"ಹಾಕಿದೆ."

"ಮಾತೂ ಆಡಿದ್ರಂತೆ."

"ಆಡಿದೆ."

ರತ್ನಾವತಿ ಅವಳನ್ನೇ ನೋಡಿದಳು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಂತಿತ್ತು ಆ ನೋಟ. "ಚಾ ತಣ್ಣಗಾಗ್ತದೆ, ಕುಡೀರಿ," ಎಂದಳು.

ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಸೈನ್ಯ ಬಂತು. ಎದ್ದು ನೋಡುವಷ್ಟರಲ್ಲಿ ರಸ್ತೆಯಲ್ಲಿ ಟ್ಯಾಂಕುಗಳಿದ್ದವು. ಮೊದಲ ವಾರ ಯಾರಿಗೂ ಏನೂ ಅರ್ಥವಾಗಲಿಲ್ಲ. ಎರಡನೆಯ ವಾರಕ್ಕೆ ಹೋಟೆಲು ಮುಚ್ಚಿತು, ರೋಹಿದಾಸ ಮನೆಯಲ್ಲಿ ಕುಳಿತ. ಅವನಿಗೆ ವೀಸಾ ಕೊಟ್ಟ ಕುವೈತಿ ಮಾಲೀಕ, ಅವನ ಕಫೀಲ್, ಸೌದಿಗೆ ಓಡಿಹೋಗಿದ್ದ, ಪಾಸ್‌ಪೋರ್ಟು ಹೋಟೆಲಿನ ಕಪಾಟಿನಲ್ಲಿತ್ತು. ಊರಿಗೆ ಫೋನಿಲ್ಲ, ಕಾಗದವಿಲ್ಲ. ಆಸ್ಪತ್ರೆಯಲ್ಲಿ ಅರ್ಧಕ್ಕರ್ಧ ನರ್ಸುಗಳು ಹೊರಟುಹೋಗಿದ್ದರು. ಕಾರ್ಮೆಲ್ ದಿನಕ್ಕೆ ಹದಿನಾಲ್ಕು ಗಂಟೆ ಕೆಲಸ ಮಾಡಿದಳು. ಹೆರಿಗೆಗಳು ಯುದ್ಧ ಮುಗಿಯಲಿ ಎಂದು ಕಾಯುತ್ತಿರಲಿಲ್ಲ.

ಸಂಘದ ಪಟ್ಟಿ ಈಗ ಬೇರೆ ಕೆಲಸಕ್ಕೆ ಬಂತು. ಪಾಸ್ಕಲ್ ಅದನ್ನು ಹಿಡಿದು ಮನೆ ಮನೆ ತಿರುಗಿದ. ಬಗ್ದಾದಿನ ದಾರಿಯಾಗಿ ಜೋರ್ಡಾನಿಗೆ ಬಸ್ಸು, ಅಮ್ಮಾನಿನಿಂದ ವಿಮಾನ. ಪಾಸ್‌ಪೋರ್ಟು ಕೈಯಲ್ಲಿಲ್ಲದವರಿಗೆ ಭಾರತದ ರಾಯಭಾರ ಕಚೇರಿಯ ಚೀಟಿ. ಯಾರ ಮನೆಯಲ್ಲಿ ಮಕ್ಕಳಿದ್ದಾರೆ, ಯಾರು ಗರ್ಭಿಣಿ, ಯಾರಿಗೆ ಕಾಯಿಲೆ ಎಂದು ಬರೆದುಕೊಂಡ. ಕ್ರೈಸ್ತರ ಪಟ್ಟಿಗೆ ತುಳುವರ, ಬ್ಯಾರಿಗಳ ಹೆಸರುಗಳೂ ಸೇರಿದವು. ಒಂದು ದಿನ ಮೂರನೇ ಮಾಳಿಗೆಗೆ ಏದುಸಿರು ಬಿಡುತ್ತ ಹತ್ತಿ ಬಂದು ಕಾರ್ಮೆಲಳ ಬಾಗಿಲಲ್ಲಿ ನಿಂತ. ಗಡ್ಡ ಬೆಳೆದಿತ್ತು.

"ಬಾಯ್, ನಿಮ್ಮ ಹೆಸರು ಬರೀಲಾ?"

"ನಾನು ಇರ್ತೇನೆ. ಎದುರು ಮನೆಯವರದ್ದು ಬರೀರಿ. ನಾಲ್ಕು ಜನ."

ಅವನು ಬರೆದುಕೊಂಡ. ಹೋಗುವಾಗ ಮೆಟ್ಟಿಲ ಮೇಲೆ ತಿರುಗಿ ನಿಂತು, ಸಣ್ಣಗೆ ನಕ್ಕ. "ಗೋದಾಮನ್ನು ಸೈನಿಕರು ದೋಚಿದ್ರು. ನಮ್ಮ ಕರಪತ್ರ ಉಂಟಲ್ಲ, ಅದನ್ನು ಉರಿಸಿ ಚಾ ಕಾಯಿಸಿದ್ರು. ಸಾವಿರ ಪ್ರತಿಯೂ ಖಲಾಸ್." ಕಾರ್ಮೆಲಳಿಗೂ ನಗು ಬಂತು. ಮಾತು ಬಿಟ್ಟ ಎರಡು ತಿಂಗಳ ಮೇಲೆ ಅದು ಅವರಿಬ್ಬರ ಮೊದಲ ಮಾತು.

ಬಸ್ಸು ಸೆಪ್ಟೆಂಬರ್ ಒಂಬತ್ತಕ್ಕೆ ಎಂದು ಗೊತ್ತಾಯಿತು. ಹಿಂದಿನ ದಿನ ಮೊಂತಿ ಹಬ್ಬ, ಮಾತೆ ಮರಿಯಳ ಹುಟ್ಟಿದ ದಿನ. ಊರಿನಲ್ಲಾದರೆ ಒಂಬತ್ತು ದಿನ ಮಕ್ಕಳು ಹೂ ಒಯ್ಯುತ್ತಾರೆ, ಪಾದ್ರಿ ಹೊಸ ತೆನೆ ಹರಸಿ ಕೊಡುತ್ತಾರೆ, ಮನೆಮಂದಿ ಒಟ್ಟು ಕುಳಿತು ಹೊಸ ಅಕ್ಕಿಯ ಸಸ್ಯಾಹಾರದ ಊಟ ಮಾಡುತ್ತಾರೆ. ಪ್ರತಿವರ್ಷ ಯಾರಾದರೂ ಒಬ್ಬರು ವಿಮಾನದಲ್ಲಿ ಒಂದು ಹಿಡಿ ತೆನೆ ತರುತ್ತಿದ್ದರು. ಈ ವರ್ಷ ಇಲ್ಲ.

"ನಮ್ಮಲ್ಲೂ ಹೊಸ ಅಕ್ಕಿ ಊಟ ಉಂಟಲ್ಲ ಬಾಯಿ," ಎಂದಳು ರತ್ನಾವತಿ. "ಎರಡೂ ಒಟ್ಟಿಗೇ ಮಾಡಿಬಿಡುವ. ನಾಳೆ ಎಲ್ಲಿರ್ತೇವೋ."

ಕೆಳಗಿನ ಅಂಗಡಿಯ ಕಾಸಿಂ ಕುಂಞಿ ಹಬ್ಬ ಎಂದು ಕೇಳಿ, ಇದ್ದ ಅಕ್ಕಿಯಲ್ಲಿ ಎರಡು ಸೇರು ಕೊಟ್ಟು ಕಳಿಸಿದ. ತರಕಾರಿ ಎಂದರೆ ಬಟಾಟೆ, ಈರುಳ್ಳಿ ಮತ್ತು ಡಬ್ಬಿಯ ಬೀನ್ಸ್. ತೃಪ್ತಿ ಬಾಲ್ಕನಿಯಲ್ಲಿ ಹಾಲಿನ ಪುಡಿಯ ಡಬ್ಬಿಯೊಳಗೆ ಶಾಲೆಯ ಪಾಠಕ್ಕೆಂದು ಗೋಧಿ ಬಿತ್ತಿದ್ದಳು. ಶಾಲೆ ಮುಚ್ಚಿದರೂ ಅದು ಗೇಣುದ್ದ ಬೆಳೆದಿತ್ತು. ಅದನ್ನು ಕಿತ್ತು ತಂದು ಕಾರ್ಮೆಲಳ ಕೈಗಿಟ್ಟಳು. "ಇಟ್ಸ್ ನಾಟ್ ಪ್ಯಾಡಿ ಆಂಟಿ. ಓನ್ಲಿ ವೀಟ್."

"ದೇವರಿಗೆ ಅರ್ಥ ಆಗ್ತದೆ ಮಗಾ," ಎಂದು ಕಾರ್ಮೆಲ್ ಅದನ್ನು ಮಾತೆಯ ಚಿತ್ರದ ಮುಂದಿಟ್ಟಳು.

ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ, ಬಟಾಟೆ ಸಿಪ್ಪೆ ತೆಗೆಯುತ್ತ, ತಲೆ ಎತ್ತದೆ ರತ್ನಾವತಿ ಮಾತು ತೆಗೆದಳು.

"ಅವತ್ತು ಉಡುಪಿಯಿಂದ ಬಸ್ಸಿನಲ್ಲೇ ಬಂದೆ. ಸೀಟಿರಲಿಲ್ಲ. ಕಾಪುವರೆಗೆ ನಿಂತುಕೊಂಡೇ ಬಂದೆ. ಮನೆಗೆ ಬಂದು ರಾತ್ರಿಯ ಅಡುಗೆ ಮಾಡಿದೆ. ಇವರಿಗೆ ಮಾತ್ರ ಗೊತ್ತಿತ್ತು, ಇವರೂ ಏನೂ ಹೇಳಲಿಲ್ಲ. ಏನು ಹೇಳಬೇಕಂತ ಅವರಿಗೂ ಗೊತ್ತಿರಲಿಲ್ಲ, ಪಾಪ. ಅದಕ್ಕೆ ಮುಂಚೆಯೂ ಹಾಗೇ. ಮಾಡು ಅಂತ ಯಾರೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಇರಲಿ, ನಾವಿದ್ದೇವೆ, ನೋಡುವ, ಅಂತ ಯಾರಾದರೂ ಒಬ್ಬರು ಅಂದಿದ್ದರೆ..."

ಅವಳು ಸಿಪ್ಪೆ ತೆಗೆದ ಬಟಾಟೆಯನ್ನು ನೀರಿಗೆ ಹಾಕಿದಳು.

"ಅಂದಿದ್ದರೂ ಗೊತ್ತಿಲ್ಲ ಬಾಯಿ. ಆಗಲೂ ಹೋಗ್ತಿದ್ದೆನೋ ಏನೋ. ಒಬ್ಬರು ಅಂದಿದ್ದರೆ ಉಳಿಸಿಕೊಳ್ತಿದ್ದಳು ಅಂತ ನಿಮ್ಮ ಭಾಷಣದಲ್ಲಿ ಹೇಳಬೇಡಿ. ಅದು ನನಗೇ ಗೊತ್ತಿಲ್ಲ."

"ಹೇಳುದಿಲ್ಲ."

"ಮೂರು ವರ್ಷದಲ್ಲಿ ಒಬ್ಬರ ಹತ್ತಿರವೂ ಇದನ್ನು ಹೇಳಿರಲಿಲ್ಲ. ನಿಮ್ಮ ಹತ್ತಿರವೇ ಹೇಳಬೇಕಾಗಿ ಬಂತು ನೋಡಿ, ಸಹಿ ಹಾಕಿದವರ ಹತ್ತಿರ."

ಕಾರ್ಮೆಲ್ ಚಾಕು ಕೆಳಗಿಟ್ಟು ಅವಳ ಹೆಗಲ ಮೇಲೆ ಕೈಯಿಟ್ಟಳು. ಈ ಸಲ ರತ್ನಾವತಿ ಸರಿಯಲಿಲ್ಲ. ಹಣೆಯನ್ನು ಕಾರ್ಮೆಲಳ ತೋಳಿಗೆ ಒತ್ತಿ, ಸದ್ದಿಲ್ಲದೆ ಅತ್ತಳು. ಹೊರಗೆ ರೋಹಿದಾಸ ರೇಡಿಯೊ ತಿರುಗಿಸುತ್ತಿದ್ದ. ಅನ್ನ ಬೇಯುವವರೆಗೂ ಕಾರ್ಮೆಲ್ ಹಾಗೆಯೇ ನಿಂತಿದ್ದಳು.

ಆರು ಜನ ನೆಲದ ಮೇಲೆ ಕುಳಿತು ಉಂಡರು. ಆರನೆಯವನು, ಬಸ್ಸಿನ ಸಮಯ ಹೇಳಲು ಬಂದ ಪಾಸ್ಕಲ್. ಮರುದಿನ ಬೆಳಿಗ್ಗೆ ಬಸ್ಸು ಹೊರಟಾಗ ತೃಪ್ತಿ ಕಿಟಕಿಯಿಂದ ಬಹಳ ದೂರದವರೆಗೆ ಕೈ ಬೀಸಿದಳು. ರತ್ನಾವತಿ ಬೀಸಲಿಲ್ಲ, ಸುಮ್ಮನೆ ನೋಡಿದಳು. ಕೊನೆಯ ಬಸ್ಸಿನಲ್ಲಿ ಪಾಸ್ಕಲ್ ಕೂಡ ಹೋದ.

ಕಾರ್ಮೆಲ್ ಉಳಿದಳು. ಚಳಿಗಾಲದಲ್ಲಿ ಬಾಂಬುಗಳು ಬಿದ್ದಾಗಲೂ ವಾರ್ಡಿನಲ್ಲೇ ಇದ್ದಳು. ಫೆಬ್ರವರಿ ಕೊನೆಯಲ್ಲಿ ಕುವೈತ್ ಬಿಡುಗಡೆಯಾದಾಗ ನೀರಿರಲಿಲ್ಲ, ಕರೆಂಟಿರಲಿಲ್ಲ. ಎಣ್ಣೆ ಬಾವಿಗಳ ಹೊಗೆಯಲ್ಲಿ ಮಧ್ಯಾಹ್ನವೇ ಕತ್ತಲಾಗುತ್ತಿತ್ತು. ಟಾರ್ಚಿನ ಬೆಳಕಿನಲ್ಲಿ ಅವಳು ಹೆರಿಗೆ ಮಾಡಿಸಿದಳು.

1991ರ ಸೆಪ್ಟೆಂಬರಿನಲ್ಲಿ ರೋಹಿದಾಸ ಒಬ್ಬನೇ ಮರಳಿ ಬಂದ. ಹೋಟೆಲು ಮತ್ತೆ ತೆರೆದಿತ್ತು. ಹೆಂಡತಿ ಮಕ್ಕಳಿಗೆ ವೀಸಾ ಸಿಗಲು ಇನ್ನೂ ಸಮಯವಿತ್ತು. ಬಂದ ದಿನವೇ ಕಾರ್ಮೆಲಳಿಗೆ ಒಂದು ದಪ್ಪ ಲಕೋಟೆ ಕೊಟ್ಟ. "ಬಾಯಿಯ ಕೈಗೇ ಕೊಡಬೇಕಂತ ಹೇಳಿದ್ದಾಳೆ. ನಾನು ಓದಲಿಲ್ಲ."

ಕಾರ್ಮೆಲ್ ಕಿಟಕಿಯ ಬಳಿ ಕುಳಿತು ಓದಿದಳು. ಟೀಚರರ ದುಂಡು ಅಕ್ಷರ.

'ಬಾಯಿ, ಲೋಕಸಭೆಯ ಚುನಾವಣೆ ಮುಗಿಯಿತು. ಅದಕ್ಕೆ ಮೊದಲು ಒಂದು ಮಧ್ಯಾಹ್ನ ಪಾಸ್ಕಲ್ ಪೊರ್ಬುಗಳು ನಮ್ಮ ಮನೆಗೆ ಬಂದಿದ್ದರು. ಕುವೈತಿನಿಂದ ಬಂದವರ ಮನೆಗಳಿಗೆಲ್ಲ ಹೋಗುತ್ತಿದ್ದಾರಂತೆ, ಅದೇ ಸಹಿಗಾಗಿ. ಮೂರು ಪಕ್ಷದ ಅಭ್ಯರ್ಥಿಗಳನ್ನೂ ನೋಡಿ ಬಂದಿದ್ದರು. ಮೂವರೂ ಕೈಮುಗಿದು, ಒಳ್ಳೆಯ ಕೆಲಸ, ಎಂದು ಹೇಳಿ ಕಾಗದವನ್ನು ಬೇರೆ ಕಾಗದಗಳ ಅಡಿಗೆ ಇಟ್ಟರಂತೆ. ಒಬ್ಬರಿಗೆ ಅಂಥ ಕಾನೂನು ಇರುವುದೇ ಗೊತ್ತಿರಲಿಲ್ಲವಂತೆ. ಪೊರ್ಬುಗಳು ತುಂಬ ಸೋತಿದ್ದರು. ನಮ್ಮನ್ನು ಬಸ್ಸು ಹತ್ತಿಸಿದವರಲ್ಲವೇ, ನನಗೆ ಸುಳ್ಳು ಹೇಳಿ ಕಳಿಸಲು ಮನಸ್ಸು ಬರಲಿಲ್ಲ. ಅತ್ತೆ ಒಳಗೆ ಮಲಗಿದ್ದರು. ನನ್ನ ವಿಷಯ ನಾನೇ ಹೇಳಿದೆ.

ಅವರು ಸಹಿಯ ಕಾಗದ ಮಡಿಸಿದರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ತಮ್ಮ ಅಮ್ಮನ ಕತೆ ಹೇಳಿದರು. ಆಮೇಲೆ, ಆಗ ನಿಮಗೆ ಎಂತ ಇದ್ದರೆ ಸಹಾಯ ಆಗುತ್ತಿತ್ತು, ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ ಬಾಯಿ. ಹೊಳೆದಷ್ಟು ಹೇಳಿದೆ. ಅವರು ಬರೆದುಕೊಂಡರು.

ನಾನು ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದು ಹೇಳಿಯೇ ಊಟಕ್ಕೆ ಕೂರಿಸಿದೆ. ಎರಡು ಸಲ ಅನ್ನ ಹಾಕಿಸಿಕೊಂಡರು.'

ಉಳಿದ ಪುಟಗಳಲ್ಲಿ ಮಕ್ಕಳ ಸುದ್ದಿಯಿತ್ತು. ತೃಪ್ತಿ ಈಗ ಕನ್ನಡದಲ್ಲೇ ಜಗಳಾಡುತ್ತಾಳೆ, ಎಂದು ಬರೆದಿದ್ದಳು.

ಮುಂದಿನ ಶುಕ್ರವಾರ ಸಂಘದ ಸಭೆ ಸೇರಿತು. ಮೊದಲಿನ ಮುನ್ನೂರು ಜನರ ಜಾಗದಲ್ಲಿ ಮೂವತ್ತೊಂದು ಜನ. ಚುನಾವಣೆ ಬೇಡ, ಬಾಯಿಯೇ ಅಧ್ಯಕ್ಷೆಯಾಗಲಿ, ಎಂದರು. ಒಬ್ಬ ಹಳೆಯ ಸದಸ್ಯ ಎದ್ದು, ಹಳೆಯ ಸಹಿ ಅಭಿಯಾನವನ್ನು ಮುಂದುವರಿಸುವುದೋ ಬಿಡುವುದೋ ಹೇಳಿ, ಎಂದು ಕೇಳಿದ.

"ನನ್ನ ಸಹಿ ಈಗಲೂ ಉಂಟು," ಎಂದಳು ಕಾರ್ಮೆಲ್. "ಹಾಕಬೇಕು ಅನ್ನುವವರು ಹಾಕಿ. ಕಾನೂನು ಬದಲಾಗುವಾಗ ಆಗಲಿ. ಅಲ್ಲಿಯವರೆಗೆ ಒಂದು ಕೆಲಸ ನಮ್ಮ ಕೈಯಲ್ಲೇ ಉಂಟು. ಈಗ ನನ್ನ ಡ್ಯೂಟಿ ಮಧ್ಯಾಹ್ನ ಎರಡಕ್ಕೆ ಮುಗೀತದೆ. ಕಷ್ಟದಲ್ಲಿರುವ ಯಾವ ಬಸುರಿಯಾದರೂ ನನ್ನ ಮನೆ ಬಾಗಿಲಿಗೆ ಬರಬಹುದು. ಯಾವ ಜಾತಿ, ಮದುವೆ ಆಗಿದೆಯಾ, ಎಂತ ಮಾಡಬೇಕಂತಿದ್ದಾಳೆ, ನಾನು ಮೊದಲು ಕೇಳುದಿಲ್ಲ. ನನ್ನ ಜೊತೆ ಸರದಿಯಲ್ಲಿ ಕೂರಲಿಕ್ಕೆ ಇನ್ನೂ ಮೂರು ಜನ ಬೇಕು."

ಅಷ್ಟು ಸಾಕಾ, ಎಂದು ಯಾರೋ ಗೊಣಗಿದರು. ಸಾಲದು, ಎಂದಳು ಅವಳು. ಇಬ್ಬರು ಕೈ ಎತ್ತಿದರು. ಸ್ವಲ್ಪ ತಡವಾಗಿ ಕೆಳಗಿನ ಮನೆಯ ಐವಿ ಕೂಡ ಎತ್ತಿದಳು.

ಸಂಜೆ ಕಾರ್ಮೆಲ್ ಉತ್ತರ ಬರೆಯಲು ಕುಳಿತಳು. ಕನ್ನಡ ಬರೆದು ಅಭ್ಯಾಸ ತಪ್ಪಿತ್ತು. ಸಾಲಿಗೊಂದು ತಪ್ಪು ಮಾಡುತ್ತ, ಟೀಚರ್ ನಗುತ್ತಾರೆ ಎಂದು ಗೊತ್ತಿದ್ದೂ ನಾಲ್ಕು ಪುಟ ಬರೆದಳು. ಕೊನೆಯಲ್ಲಿ, ವೀಸಾ ಯಾವಾಗ ಆಗುತ್ತದೆ, ಹೊಗೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ, ಇವತ್ತು ಬಾಲ್ಕನಿಯಿಂದ ಸಮುದ್ರದ ಕಡೆಯ ಆಕಾಶ ಕಂಡಿತು, ಎಂದು ಬರೆದು ಲಕೋಟೆಗೆ ಅಂಟು ಹಚ್ಚಿದಳು.